ಉಗ್ರಾಣದಿಂದ ಮಗುವಿನ ತಟ್ಟೆಯವರೆಗೆ

(ವಡಾಲದ ಶಾಖಾಮಠದ ಸಭೆಯಲ್ಲಿ ಜರುಗಿದ ಉಪನ್ಯಾಸದ ಬರಹರೂಪ)

 

ವಡಾಲ ರೋಡ್ ನಿಲ್ದಾಣದಲ್ಲಿ ದಕ್ಷಿಣಕ್ಕೆ ಹೋಗುವ ಹಾರ್ಬರ್ ಮಾರ್ಗದ ಗಾಡಿಯನ್ನು ಹತ್ತಿದರೆ ಮೊದಲು ಶಿವಡಿ, ಅದರ ನಂತರ ಕಾಟನ್ ಗ್ರೀನ್. ಸೇವಾಯಾತ್ರೆ ಎಂದಾಕ್ಷಣ ಬಸ್ಸು ಗೊತ್ತುಮಾಡಿಕೊಂಡು ದೂರದ ಊರಿಗೆ ಹೊರಡಬೇಕೆಂಬ ಕಲ್ಪನೆ ಅನೇಕರಲ್ಲಿದೆ. ವಡಾಲದ ಕುಟುಂಬಗಳ ಪಾಲಿಗೆ ಆ ಯಾತ್ರೆ ಕೇವಲ ಎರಡು ನಿಲ್ದಾಣಗಳಷ್ಟು ದೂರದ್ದು. ಒಂದು ಕಾಲದಲ್ಲಿ ಹತ್ತಿಯ ಮೂಟೆಗಳ ಗೋದಾಮುಗಳಿಂದ ಹೆಸರು ಪಡೆದ ಕಾಟನ್ ಗ್ರೀನ್‌ನಲ್ಲಿ, ಅಂದಿನ ಮುಂಬಯಿ ಪೋರ್ಟ್ ಟ್ರಸ್ಟಿಗೆ ಸೇರಿದ ಕಟ್ಟಡಗಳಲ್ಲಿ, 2018ರಿಂದ ಕ್ಯಾನ್ಸರ್‌ಪೀಡಿತ ಮಕ್ಕಳೂ ಅವರ ತಂದೆತಾಯಿಗಳೂ ವಾಸಮಾಡುವ ವಸತಿಯೊಂದು ನಡೆಯುತ್ತಿದೆ. ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ಎಂಬ ಸಂಸ್ಥೆ ಅದನ್ನು ನಡೆಸುತ್ತಿದೆ. ಈ ಸಂಸ್ಥೆ ಮುಂಬಯಿಯಲ್ಲಿ 2006ರಲ್ಲಿ ಆರಂಭವಾಯಿತು. ಕಾಟನ್ ಗ್ರೀನ್‌ನ ವಸತಿಯಲ್ಲಿ ನೂರಕ್ಕೂ ಮಿಕ್ಕಿದ ಕುಟುಂಬಗಳಿಗೆ ಸ್ಥಳಾವಕಾಶವಿದೆ. ಮಕ್ಕಳ ಚಿಕಿತ್ಸೆ ನಡೆಯುವುದು ಪರಳದ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. 1941ರ ಫೆಬ್ರವರಿ 28ರಂದು ಬಾಗಿಲು ತೆರೆದ ಆ ಆಸ್ಪತ್ರೆಗೆ ಬಿಹಾರ, ಬಂಗಾಳ, ಉತ್ತರ ಪ್ರದೇಶಗಳಿಂದ ಹಿಡಿದು ಕರ್ನಾಟಕದ ಉತ್ತರ ಜಿಲ್ಲೆಗಳವರೆಗೆ ದೇಶದ ಎಲ್ಲ ಕಡೆಯಿಂದ ರೋಗಿಗಳು ಬರುತ್ತಾರೆ.

ಈ ಮಕ್ಕಳ ವಿಷಯದಲ್ಲಿ ಅನ್ನದ ಪ್ರಶ್ನೆ ಹೇಗೆ ಬರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಮಕ್ಕಳಲ್ಲಿ ಹೆಚ್ಚಾಗಿ ಕಾಣಬರುವ ರಕ್ತದ ಕ್ಯಾನ್ಸರ್ ಸರಿಯಾದ ಚಿಕಿತ್ಸೆ ದೊರೆತರೆ ಬಹುಪಾಲು ಗುಣವಾಗುವ ರೋಗ. ಆದರೆ ಚಿಕಿತ್ಸೆಯ ಅವಧಿ ಎರಡರಿಂದ ಮೂರು ವರ್ಷ. ಅದರಲ್ಲಿ ಮೊದಲ ಕೆಲವು ತಿಂಗಳು ಆಸ್ಪತ್ರೆಯ ಸಮೀಪದಲ್ಲಿಯೇ ಇರಬೇಕಾಗುತ್ತದೆ. ಕಲಬುರಗಿ ಅಥವಾ ಬೀದರದ ಕಡೆಯ ಕೂಲಿಕಾರನೊಬ್ಬ ಮಗುವನ್ನೆತ್ತಿಕೊಂಡು ಮುಂಬಯಿಗೆ ಬಂದನೆಂದು ಇಟ್ಟುಕೊಳ್ಳೋಣ. ಔಷಧಿಯ ಖರ್ಚಿಗೆ ಸರಕಾರದ ಯೋಜನೆಯೋ ಧರ್ಮಸಂಸ್ಥೆಯೋ ಸಹಾಯಕ್ಕೆ ಬರಬಹುದು. ಆದರೆ ದಿನಕ್ಕೆ ಎರಡು ಹೊತ್ತು ಮೂರು ಜನರ ಊಟ, ತಲೆಯ ಮೇಲೊಂದು ಸೂರು, ಊರಿನಲ್ಲಿ ಉಳಿದ ಇನ್ನಿಬ್ಬರು ಮಕ್ಕಳ ಚಿಂತೆ, ಕಳೆದುಹೋದ ದಿನಗೂಲಿ ಇವು ಯಾವ ಆಸ್ಪತ್ರೆಯ ಬಿಲ್ಲಿನಲ್ಲಿಯೂ ಬರೆದಿರುವುದಿಲ್ಲ. ಕೈಯಲ್ಲಿದ್ದದ್ದು ಕರಗಿದ ಮೇಲೆ, ಮಗುವಿನ ಮುಖದಲ್ಲಿ ಸ್ವಲ್ಪ ಗೆಲುವು ಕಂಡೊಡನೆ, ಚಿಕಿತ್ಸೆಯನ್ನು ನಡುವೆಯೇ ಬಿಟ್ಟು ಅವನು ಗಾಡಿ ಹತ್ತುತ್ತಾನೆ. ಗುಣವಾಗಬಹುದಾಗಿದ್ದ ಮಗು ಹೀಗೆ ಕೈತಪ್ಪುತ್ತದೆ. ಅಕ್ಕಿ, ಗೋಧಿಹಿಟ್ಟು, ಬೇಳೆ, ಎಣ್ಣೆ ಎಂಬ ಸಾಮಾನ್ಯ ವಸ್ತುಗಳು ಇಲ್ಲಿ ಔಷಧಿಯಷ್ಟೇ ತೂಕದವು.

ಅನ್ನದಾನವೆಂಬುದು ಮಾಧ್ವ ಪರಂಪರೆಗೆ ಹೊಸತಲ್ಲ. ತಿರುಪತಿಯ ಸ್ವಾಮಿಯನ್ನು ಕಾಂಚನಬ್ರಹ್ಮನೆಂದೂ ಪಂಢರಪುರದ ವಿಠಲನನ್ನು ನಾದಬ್ರಹ್ಮನೆಂದೂ ಉಡುಪಿಯ ಕೃಷ್ಣನನ್ನು ಅನ್ನಬ್ರಹ್ಮನೆಂದೂ ಕರೆಯುವ ರೂಢಿ ಮನೆಮನೆಯ ಮಾತು. ಆದರೆ ಆ ಅನ್ನದ ಹಿಂದೆ ಇರುವ ಸಿದ್ಧತೆಯ ಕಡೆಗೆ ಭಕ್ತರ ಗಮನ ಹರಿಯುವುದು ಕಡಿಮೆ. ಶ್ರೀವಾದಿರಾಜ ಗುರುಸಾರ್ವಭೌಮರು ಎರಡು ತಿಂಗಳ ಸರದಿಯನ್ನು ಎರಡು ವರ್ಷಗಳ ಪರ್ಯಾಯವಾಗಿ ಮಾರ್ಪಡಿಸಿದುದು ಎಲ್ಲರಿಗೂ ತಿಳಿದದ್ದೇ. ಪರ್ಯಾಯಪೀಠವನ್ನೇರಲಿರುವ ಮಠ ಸುಮಾರು ಒಂದು ವರ್ಷ ಮೊದಲೇ ಕೆಲಸ ಆರಂಭಿಸುತ್ತದೆ. ಮೊದಲು ಬಾಳೆ ಮುಹೂರ್ತ. ಊಟಕ್ಕೆ ಎಲೆ ಬೇಕಲ್ಲವೇ, ಆದುದರಿಂದ ಸಸಿ ನೆಡುವುದರಿಂದಲೇ ಪ್ರಾರಂಭ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಕಟ್ಟಿಗೆಯನ್ನು ಸುಮ್ಮನೆ ರಾಶಿ ಹಾಕುವುದಿಲ್ಲ, ರಥದಾಕಾರದಲ್ಲಿ ಒಟ್ಟುತ್ತಾರೆ. ಪರ್ಯಾಯ ಹತ್ತಿರ ಬಂದಂತೆ ಊರೂರಿನಿಂದ ಹೊರೆಕಾಣಿಕೆ ಬರುತ್ತದೆ. ಅಕ್ಕಿ, ತೆಂಗಿನಕಾಯಿ, ಬೆಲ್ಲ, ತರಕಾರಿಗಳು ಮೆರವಣಿಗೆಯಲ್ಲಿ ಬಂದು ಉಗ್ರಾಣ ಸೇರುತ್ತವೆ. ಎಷ್ಟು ಬಂತು, ಯಾವುದು ಮೊದಲು ಕೆಡುತ್ತದೆ, ನಾಳೆ ಎಷ್ಟು ಎಲೆ ಬೀಳಬಹುದು ಎಂಬ ಲೆಕ್ಕ ಉಗ್ರಾಣದ ಮಂದಿಗೆ ಕರತಲಾಮಲಕ. ದಿನವೂ ಸಾವಿರಾರು ಎಲೆಗಳು ಬೀಳುವ ಭೋಜನಶಾಲೆ ನಿಂತಿರುವುದು ಈ ಲೆಕ್ಕದ ಮೇಲೆ. ಭಕ್ತಿಯೊಂದಿದ್ದರೆ ಸಾಕು, ಲೆಕ್ಕವೇಕೆ ಎನ್ನುವವರು ಒಮ್ಮೆ ಆ ಉಗ್ರಾಣದಲ್ಲಿ ಅರ್ಧ ದಿನ ನಿಂತು ನೋಡಬೇಕು.

ಇಂದಿನ ಭಾಷೆಯಲ್ಲಿ ಫುಡ್ ಬ್ಯಾಂಕ್ ಎಂದು ಕರೆಯುವುದು ಇಂಥ ಉಗ್ರಾಣವನ್ನೇ. ಆ ಹೆಸರು ಹುಟ್ಟಿದ ಬಗೆ ಕುತೂಹಲಕರವಾಗಿದೆ. ಅಮೆರಿಕದ ಅರಿಜೋನಾ ಸಂಸ್ಥಾನದ ಫೀನಿಕ್ಸ್ ನಗರದಲ್ಲಿ ಜಾನ್ ವಾನ್ ಹೆಂಗೆಲ್ ಎಂಬುವರು ಬಡವರಿಗೆ ಊಟ ಹಾಕುವ ಕೆಲಸದಲ್ಲಿ ತೊಡಗಿದ್ದರು. ಹಲವು ಮಕ್ಕಳ ತಾಯಿಯೊಬ್ಬಳು ಅಂಗಡಿಗಳವರು ಹೊರಗೆಸೆದ, ಇನ್ನೂ ಕೆಡದಿದ್ದ ಪದಾರ್ಥಗಳನ್ನು ಆಯ್ದು ತಂದು ಮಕ್ಕಳನ್ನು ಸಾಕುತ್ತಿದ್ದಳು. ಎಸೆಯುವ ಬದಲು ಒಂದೆಡೆ ಇಟ್ಟು, ಬೇಕಾದವರು ಬಂದು ಒಯ್ಯುವಂತೆ ಬ್ಯಾಂಕಿನಂಥದೊಂದು ಏರ್ಪಾಡು ಇರಬಾರದೇ ಎಂದು ಆಕೆ ಆಡಿದ ಮಾತು ಅವರ ಮನಸ್ಸಿನಲ್ಲಿ ನಾಟಿತಂತೆ. 1967ರಲ್ಲಿ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಪ್ರಾರಂಭವಾಯಿತು. ಜಗತ್ತಿನ ಮೊದಲ ಫುಡ್ ಬ್ಯಾಂಕ್ ಎಂಬ ಹೆಸರು ಅದಕ್ಕಿದೆ. ಮೂಲ ಕಲ್ಪನೆ ವಿದ್ವಾಂಸರ ಸಭೆಯಿಂದ ಬರಲಿಲ್ಲ, ಹಸಿದ ಮಕ್ಕಳ ತಾಯಿಯಿಂದ ಬಂತು.

ಕನ್ನಡನಾಡಿನಲ್ಲಿ ಇದಕ್ಕೂ ಬಹಳ ಹಿಂದೆ ಉಗ್ರಾಣವೂ ಇಲ್ಲದ, ಕಟ್ಟಡವೂ ಇಲ್ಲದ ಒಂದು ವ್ಯವಸ್ಥೆಯಿತ್ತು. ಅದೇ ವಾರಾನ್ನ. ಹಳ್ಳಿಯಿಂದ ಧಾರವಾಡಕ್ಕೋ ಮೈಸೂರಿಗೋ ಓದಲು ಬಂದ ಬಡ ಹುಡುಗ ಏಳು ಮನೆ ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಇಂದು ಸಭೆಯಲ್ಲಿರುವ ಹಿರಿಯರಲ್ಲಿ ಎಷ್ಟೋ ಮಂದಿಯ ತಂದೆಯೋ ಅಜ್ಜನೋ ಹೀಗೆಯೇ ಅಕ್ಷರ ಕಲಿತವರು. ವಾರಾನ್ನದ ಹಿರಿಮೆಯನ್ನು ಹೇಳುವಾಗ ಅದರ ನೋವನ್ನು ಮುಚ್ಚಿಡಬಾರದು. ಕೆಲವು ಮನೆಗಳಲ್ಲಿ ಹುಡುಗನನ್ನು ಮನೆಯ ಮಗನಂತೆ ಪಂಕ್ತಿಯಲ್ಲಿ ಕೂರಿಸುತ್ತಿದ್ದರು. ಇನ್ನು ಕೆಲವು ಕಡೆ ಎಲ್ಲರದೂ ಆದ ಮೇಲೆ ತಣ್ಣಗಾದದ್ದನ್ನು ಬಡಿಸುತ್ತಿದ್ದರು, ನೀರು ಸೇದುವ ಕೆಲಸವನ್ನೂ ಹಚ್ಚುತ್ತಿದ್ದರು. ಉಂಡವರು ಎರಡನ್ನೂ ಮರೆಯಲಿಲ್ಲ. ಮತ್ತೊಂದು ಮಿತಿಯೂ ಅದಕ್ಕಿತ್ತು: ಆ ಏಳು ಮನೆಗಳ ಬಾಗಿಲು ಬಹುಮಟ್ಟಿಗೆ ತಮ್ಮತಮ್ಮ ಜಾತಿಯ ಹುಡುಗರಿಗಷ್ಟೇ ತೆರೆಯುತ್ತಿದ್ದವು. ಹಸಿವಿಗೆ ಆ ಭೇದ ತಿಳಿಯದು. ಇಂದಿನ ಸೇವೆಯಲ್ಲಿ ಈ ಮಿತಿಯನ್ನು ದಾಟದಿದ್ದರೆ ವಾರಾನ್ನದಿಂದ ಪಾಠ ಕಲಿತಂತಾಗಲಿಲ್ಲ.

ಮುಂಬಯಿಗೆ ಬಂದ ಕನ್ನಡಿಗರ ಕಥೆಯಂತೂ ಅನ್ನದ ಸುತ್ತಲೇ ಬೆಳೆದದ್ದು. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಊಟದ ಮನೆಗಳು ಒಂಟಿಯಾಗಿ ಬಂದ ಗುಮಾಸ್ತರ, ವಿದ್ಯಾರ್ಥಿಗಳ ಹೊಟ್ಟೆ ಕಾದವು. ಅದೇ ಕಾಲದಲ್ಲಿ ಅವಿಭಜಿತ ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಹಡಗಿನಲ್ಲಿ, ಬಸ್ಸಿನಲ್ಲಿ ಬಂದು ಹೋಟೆಲುಗಳ ಮೇಜು ಒರೆಸುವ ಕೆಲಸಕ್ಕೆ ಸೇರಿದರು. ಹಗಲೆಲ್ಲ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ತೂಕಡಿಸುತ್ತ ಓದಿ ಮೆಟ್ರಿಕ್ ಮುಗಿಸಿದವರು, ಮುಂದೆ ಬ್ಯಾಂಕು, ವಕೀಲಿ, ಉದ್ಯಮಗಳಲ್ಲಿ ಹೆಸರಾದವರು ಅನೇಕರು. ಮೊಗವೀರ ರಾತ್ರಿ ಪ್ರೌಢಶಾಲೆಯಂಥ ಸಂಸ್ಥೆಗಳು ಆ ಹುಡುಗರಿಗೆ ಬಾಗಿಲಾದವು. ಹಗಲು ಕೆಲಸ ಮಾಡಿ ಬಂದ ಶಿಕ್ಷಕರು ರಾತ್ರಿ ಪಾಠ ಹೇಳಿದರು. ಇದನ್ನು ಹೆಮ್ಮೆಯಿಂದ ನೆನೆಯುವುದು ಯುಕ್ತವೇ. ಆದರೂ ಮಗುವೊಂದು ಊಟಕ್ಕಾಗಿ ದುಡಿಯಬೇಕಾದುದು ಆದರ್ಶವಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿಯೂ ಮನೆಗೆಲಸದಲ್ಲಿಯೂ ಇಟ್ಟುಕೊಳ್ಳುವುದನ್ನು ಸರಕಾರ 2006ರ ಅಕ್ಟೋಬರ್ 10ರಿಂದ ನಿಷೇಧಿಸಿತು. ನಿಷೇಧಿಸಿದ ಮೇಲೆ ಆ ಮಗುವಿನ ಊಟದ ಹೊಣೆ ಯಾರದು ಎಂಬ ಪ್ರಶ್ನೆ ಉಳಿಯುತ್ತದೆ.

ಅದಕ್ಕೆ ಶಾಲೆಯ ಮಧ್ಯಾಹ್ನದ ಊಟ ಒಂದು ಉತ್ತರ. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯ ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞೆ ಮಾಡಿತು. ಕರ್ನಾಟಕದಲ್ಲಿ ಅದು ಅಕ್ಷರ ದಾಸೋಹವೆಂಬ ಸುಂದರ ಹೆಸರಿನಿಂದ ಬಂತು. ಅದಕ್ಕೂ ಮೊದಲೇ, 2000ದಲ್ಲಿ, ಬೆಂಗಳೂರಿನ ಐದು ಶಾಲೆಗಳ 1500 ಮಕ್ಕಳಿಗೆ ಊಟ ಒದಗಿಸುತ್ತ ಅಕ್ಷಯ ಪಾತ್ರ ಸಂಸ್ಥೆ ಕೆಲಸ ಆರಂಭಿಸಿತ್ತು. ಉಡುಪಿಯ ಶ್ರೀಕೃಷ್ಣಮಠದಿಂದ ಶಾಲಾಮಕ್ಕಳಿಗೆ ನಡೆಯುವ ಚಿಣ್ಣರ ಸಂತರ್ಪಣೆಯೂ ಇದೇ ಸಾಲಿಗೆ ಸೇರಿದ್ದು. ಮಠದ ಉಗ್ರಾಣ ಮಠದ ಅಂಗಳವನ್ನು ದಾಟಿ ಹೊರಟುದಕ್ಕೆ ಅದು ಒಳ್ಳೆಯ ನಿದರ್ಶನ.

ಶಾಲೆಯ ಊಟಕ್ಕೆ ಸರಕಾರ ವಿಧಿಸಿದ ಪ್ರಮಾಣವನ್ನು ಸೇವೆಗೆ ಹೊರಡುವ ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು. ಪ್ರಾಥಮಿಕ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಅದರಿಂದ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನು ದೊರೆಯಬೇಕು. ಹಿರಿಯ ಪ್ರಾಥಮಿಕದ ಮಗುವಿಗೆ ಧಾನ್ಯ 150 ಗ್ರಾಂ, ಬೇಳೆ 30 ಗ್ರಾಂ. ಈ ಅಂಕೆಗಳನ್ನು ತಿರುಗಿಸಿ ನೋಡಿದರೆ ಒಂದು ಕಿಲೋ ತೊಗರಿಬೇಳೆ ಐವತ್ತು ಮಕ್ಕಳ ಒಂದು ದಿನದ ಪಾಲು. ದಾನ ಮಾಡುವ ಕೈಗಳು ಸಾಮಾನ್ಯವಾಗಿ ಅಕ್ಕಿಯನ್ನೂ ಸಿಹಿಯನ್ನೂ ತರುತ್ತವೆ, ಬಿಸ್ಕತ್ತಿನ ಪೊಟ್ಟಣಗಳನ್ನು ತರುತ್ತವೆ. ಬೇಳೆ, ಎಣ್ಣೆ, ಶೇಂಗಾ ತರುವವರು ವಿರಳ. ಬೆಳೆಯುವ ಮಗುವಿಗೆ ಮುಖ್ಯವಾಗಿ ಬೇಕಾದದ್ದು ಅದೇ. ಶ್ರೀವಾದಿರಾಜರು ಹಯಗ್ರೀವದೇವರಿಗೆ ಅರ್ಪಿಸುತ್ತಿದ್ದ ನೈವೇದ್ಯ ಕಡಲೆಬೇಳೆಯದು, ಜೊತೆಗೆ ಬೆಲ್ಲ, ತೆಂಗಿನಕಾಯಿ, ತುಪ್ಪ. ಮಕ್ಕಳಿಗೆ ಅದಕ್ಕಿಂತ ಪುಷ್ಟಿಕರವಾದುದನ್ನು ಇಂದಿನ ಆಹಾರತಜ್ಞರೂ ಸುಲಭವಾಗಿ ಸೂಚಿಸಲಾರರು.

ಇಲ್ಲಿ ಚಾತುರ್ಮಾಸ್ಯದ ಮಾತು ತಾನಾಗಿಯೇ ಬರುತ್ತದೆ. ಶಾಕ, ದಧಿ, ಕ್ಷೀರ ವ್ರತಗಳಾದ ಮೇಲೆ ನಾಲ್ಕನೆಯ ತಿಂಗಳು ದ್ವಿದಳವ್ರತ. ಆ ತಿಂಗಳು ವ್ರತನಿಷ್ಠರ ಅಡಿಗೆಮನೆಯಲ್ಲಿ ಬೇಳೆ ಬೇಯುವುದಿಲ್ಲ. ಮನೆಗೆ ತಿಂಗಳಿಗೆ ಬೇಕಾಗುವ ಬೇಳೆಯನ್ನು ಆ ತಿಂಗಳೂ ಎಂದಿನಂತೆಯೇ ಕೊಂಡು, ಅದನ್ನು ಮಕ್ಕಳ ಉಗ್ರಾಣಕ್ಕೆ ಮುಟ್ಟಿಸುವುದು ಸಾಧ್ಯ. ಏಕಾದಶಿಯದೂ ಅಂತೆಯೇ. ಒಂದು ಮನೆಯಲ್ಲಿ ನಾಲ್ವರು ಉಪವಾಸವಿದ್ದು, ತಲೆಗೆ ಕಾಲು ಕಿಲೋದಂತೆ ಧಾನ್ಯ ಉಳಿಯಿತೆಂದು ಹಿಡಿದರೆ ಏಕಾದಶಿಗೆ ಒಂದು ಕಿಲೋ. ವರ್ಷದ 24 ಏಕಾದಶಿಗಳಿಗೆ 24 ಕಿಲೋ. ಇಂಥ ನೂರು ಮನೆಗಳಾದರೆ 24 ಕ್ವಿಂಟಾಲ್. ಯಾರೂ ಹೆಚ್ಚಿಗೆ ಒಂದು ಕಾಸನ್ನೂ ಖರ್ಚು ಮಾಡಿದಂತಾಗಲಿಲ್ಲ. ಆದರೆ ಏಕಾದಶಿಯ ದಿನ ಸಾಬೂದಾಣಿ, ಬಟಾಟೆ, ಶೇಂಗಾ, ಗೋಡಂಬಿಗಳ ಫಲಾಹಾರವೇ ನಿತ್ಯದ ಊಟಕ್ಕಿಂತ ದುಬಾರಿಯಾಗುವ ಮನೆಗಳಿಗೆ ಈ ಲೆಕ್ಕ ಅನ್ವಯಿಸದು!

ಇನ್ನು ಬೇಯಿಸಿದ ಅನ್ನ. ಮುಂಬಯಿಯಲ್ಲಿ 2015ರಲ್ಲಿ ಡಬ್ಬಾವಾಲಾಗಳು ರೋಟಿ ಬ್ಯಾಂಕ್ ಎಂಬ ಕಾರ್ಯವನ್ನು ಕೈಗೆತ್ತಿಕೊಂಡರು. ಮದುವೆ ಮತ್ತು ಇತರ ಸಮಾರಂಭಗಳಲ್ಲಿ ಮಿಕ್ಕ ಊಟವನ್ನು ಸೈಕಲ್ಲಿನ ಮೇಲೆ ಒಯ್ದು ಬೀದಿಯಲ್ಲಿರುವವರಿಗೆ ಹಂಚುವುದು ಅದರ ಉದ್ದೇಶ. ಜನರ ಡಬ್ಬಿಗಳನ್ನು ತಪ್ಪದೆ ಮುಟ್ಟಿಸುವವರಿಗೆ ಈ ಕೆಲಸ ಹೊಸದಾಗಿರಲಿಲ್ಲ. ಅನಂತರ ಮುಂಬಯಿಯ ಮಾಜಿ ಪೊಲೀಸ್ ಆಯುಕ್ತ ಡಿ. ಶಿವಾನಂದನ್ ಅವರೂ ಅದೇ ಹೆಸರಿನ ಪ್ರತಿಷ್ಠಾನದ ಮೂಲಕ ವಾಹನಗಳ ಸಹಿತ ಈ ಕೆಲಸವನ್ನು ನಡೆಸಿದರು. ಗಣೇಶೋತ್ಸವ, ಆರಾಧನೆ, ರಾಮನವಮಿಗಳಲ್ಲಿ ಸಾವಿರಾರು ಮಂದಿಗೆ ಅನ್ನಸಂತರ್ಪಣೆ ನಡೆಯುವ ವಡಾಲ, ಮಾಟುಂಗಾ ಪ್ರದೇಶದಲ್ಲಿ ಮಿಕ್ಕ ಅನ್ನದ ಪ್ರಶ್ನೆ ವರ್ಷಕ್ಕೆ ಹಲವು ಬಾರಿ ಎದುರಾಗುತ್ತದೆ.

ಈ ವಿಷಯದಲ್ಲಿ ಸದುದ್ದೇಶವೊಂದೇ ಸಾಲದು. ಬೆಂದ ಅನ್ನದಲ್ಲಿ ಕುದಿಯುವ ನೀರಿಗೂ ಸಾಯದ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಾಣುಗಳು ಉಳಿದಿರಬಹುದು. ಅನ್ನ ಬಿಸಿಯಾಗಿರುವವರೆಗೆ ಅವು ಸುಮ್ಮನಿರುತ್ತವೆ. ಮುಂಬಯಿಯ ಸೆಕೆಯಲ್ಲಿ ಪಾತ್ರೆಯಲ್ಲಿಯೇ ಆರುತ್ತ ಬಿದ್ದರೆ ಮೊಳೆತು ವಿಷವನ್ನು ಉಂಟುಮಾಡುತ್ತವೆ. ಮತ್ತೆ ಕಾಯಿಸಿದರೂ ಆ ವಿಷ ಹೋಗುವುದಿಲ್ಲ. ದೊಡ್ಡವರಿಗೆ ಒಂದೆರಡು ವಾಂತಿಯಲ್ಲಿ ಮುಗಿಯುವ ತೊಂದರೆ ಸೊರಗಿದ ಮಗುವಿಗೆ ಪ್ರಾಣಾಂತಕವಾಗಬಹುದು. ಬಿಸಿಯಾದ ಪದಾರ್ಥ 60 ಡಿಗ್ರಿಗಿಂತ ಮೇಲಿರಬೇಕು, ಇಲ್ಲವೇ ಬೇಗನೆ ತಂಪುಪೆಟ್ಟಿಗೆ ಸೇರಬೇಕು. ನಡುವಿನ ಸ್ಥಿತಿಯೇ ಅಪಾಯ. ಮಿಕ್ಕ ಆಹಾರದ ಸಂಗ್ರಹ ಮತ್ತು ವಿತರಣೆಯ ಬಗ್ಗೆ ಕೇಂದ್ರದ ಆಹಾರ ಸುರಕ್ಷಾ ಪ್ರಾಧಿಕಾರ 2019ರಲ್ಲಿ ಪ್ರತ್ಯೇಕ ನಿಯಮಗಳನ್ನೇ ಹೊರಡಿಸಿದೆ. ಆದುದರಿಂದ ಸಂತರ್ಪಣೆ ಮುಗಿದ ಮೇಲೆ, ಸಂಜೆ ನಾಲ್ಕು ಗಂಟೆಗೆ, ಇಷ್ಟು ಅನ್ನ ಉಳಿದಿದೆ, ಯಾರಿಗಾದರೂ ಕೊಡೋಣ ಎಂದು ಹೊರಡುವುದು ದಾನವೆನಿಸದು. ಕೊಡಬೇಕಾದದ್ದನ್ನು ಪಂಕ್ತಿ ಆರಂಭವಾಗುವ ಮೊದಲೇ ಮುಚ್ಚಳದ ಪಾತ್ರೆಗಳಲ್ಲಿ ಬೇರೆ ತೆಗೆದಿಟ್ಟು, ಬಿಸಿಯಿರುವಾಗಲೇ ಕಳಿಸಿಬಿಡಬೇಕು. ದೇವರ ನೈವೇದ್ಯಕ್ಕೆ ಮೊದಲು ತೆಗೆದಿಡುವ ಅಭ್ಯಾಸವಿರುವ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಿಕ್ಕದ್ದು ಬೇರೆ, ಮೀಸಲಿಟ್ಟದ್ದು ಬೇರೆ.

ಮಳೆಗಾಲದಲ್ಲಿ ಬೇಯಿಸಿದ ಅನ್ನವನ್ನು ನೆಚ್ಚುವಂತೆಯೇ ಇಲ್ಲ. ಕುರ್ಲಾದ ಬಳಿ ಹಳಿಗಳ ಮೇಲೆ ನೀರು ನಿಂತರೆ ಹಾರ್ಬರ್ ಮಾರ್ಗ ಸ್ತಬ್ಧ. ಅನ್ನದ ಪಾತ್ರೆಯೂ ಸ್ತಬ್ಧ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಇದು ಅನುಭವಕ್ಕೆ ಬಂದಿತ್ತು. ಆದಕಾರಣ ಒಣ ಸಾಮಾನಿನ ಉಗ್ರಾಣವೇ ಮುಂಬಯಿಗೆ ಒಪ್ಪುವಂಥದು. ಅದಕ್ಕೂ ಶಿಸ್ತು ಬೇಕು. ಮೂಟೆಗಳು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿರಬೇಕು. ಮೊದಲು ಬಂದದ್ದು ಮೊದಲು ಹೊರಗೆ ಹೋಗಬೇಕು. ಹೊಸ ಮೂಟೆಯನ್ನು ಹಳೆಯದರ ಮುಂದೆ ಇಡುವುದು ಎಲ್ಲರೂ ಮಾಡುವ ತಪ್ಪು. ಹುಳು ಹಿಡಿದ ರವೆ, ಅವಧಿ ಮೀರಿದ ಪೊಟ್ಟಣಗಳನ್ನು ದಾನದ ರಾಶಿಗೆ ಸೇರಿಸುವ ಮಂದಿ ಇದ್ದಾರೆ. ಅವನ್ನು ಸಂಕೋಚವಿಲ್ಲದೆ ಹಿಂದಿರುಗಿಸಬಲ್ಲ ಒಬ್ಬ ಗಟ್ಟಿ ಮನಸ್ಸಿನ ಹಿರಿಯರನ್ನು ಬಾಗಿಲಲ್ಲಿ ಕೂರಿಸಬೇಕು. ತಮ್ಮ ಮನೆಯ ಮಗುವಿಗೆ ಕೊಡದಿರುವುದನ್ನು ಪರರ ಮಗುವಿಗೆ ಕೊಡಲಾಗದು.

ಕಾಲದ ವಿಷಯದಲ್ಲಿ ಒಂದು ಮಾತನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಗೀತೆ ದಾನಕ್ಕೆ ದೇಶ, ಕಾಲ, ಪಾತ್ರಗಳ ವಿವೇಕವನ್ನು ಹೇಳುತ್ತದೆ. ಮಕ್ಕಳ ಹುಟ್ಟುಹಬ್ಬ, ದೀಪಾವಳಿ, ಹೊಸ ವರ್ಷ ಈ ದಿನಗಳಲ್ಲಿ ಅನಾಥಾಲಯಗಳಿಗೆ ಜಿಲೇಬಿ, ಕೇಕುಗಳ ಮಳೆ. ಒಂದೇ ದಿನ ಮೂರು ತಂಡಗಳು ಬಂದರೆ ಮಕ್ಕಳು ಮೂರನೆಯ ಊಟವನ್ನು ತಟ್ಟೆಯಲ್ಲಿಯೇ ಬಿಡುತ್ತಾರೆ. ಹಸಿವಿನ ಕಾಲ ಬೇರೆ. ಶಾಲೆಯ ಊಟ ನಿಲ್ಲುವುದು ಬೇಸಗೆಯ ರಜೆಯಲ್ಲಿ, ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ. ಆ್ಯಂಟಾಪ್ ಹಿಲ್ಲಿನ ಗುಡಿಸಲುಗಳ ಮಗುವಿಗೆ ಮಧ್ಯಾಹ್ನದ ಊಟ ತಪ್ಪುವ ಆ ಏಳು ವಾರಗಳಲ್ಲಿಯೇ ಮುಂಬಯಿಯ ಕನ್ನಡ ಕುಟುಂಬಗಳು ಉಪನಯನ, ಮದುವೆ, ಮಾವಿನಹಣ್ಣುಗಳಿಗಾಗಿ ಊರಿಗೆ ಹೊರಟುಹೋಗಿರುತ್ತವೆ. ಹೋಗಬಾರದೆಂದಲ್ಲ. ಹೊರಡುವ ಮುನ್ನ ಏಳು ವಾರಗಳ ದಿನಸಿಯನ್ನು ಉಗ್ರಾಣಕ್ಕೆ ತುಂಬಿ, ಊರಿಗೆ ಹೋಗದೆ ಉಳಿಯುವ ಇಬ್ಬರು ಮೂವರ ಕೈಗೆ ಬೀಗದ ಕೈ ಕೊಟ್ಟು ಹೋಗಬಹುದು. 2020ರ ಮಾರ್ಚಿನಲ್ಲಿ ಶಾಲೆಗಳೆಲ್ಲ ಮುಚ್ಚಿದಾಗ ಮಕ್ಕಳ ಊಟವೂ ನಿಂತುಹೋದುದನ್ನು ಸರ್ವೋಚ್ಚ ನ್ಯಾಯಾಲಯವೇ ಸ್ವಯಂಪ್ರೇರಣೆಯಿಂದ ಗಮನಿಸಿ ರಾಜ್ಯಗಳನ್ನು ವಿಚಾರಿಸಬೇಕಾಯಿತು. ಪ್ರತಿ ಮೇ ತಿಂಗಳಿನಲ್ಲಿಯೂ ಸಣ್ಣ ಪ್ರಮಾಣದಲ್ಲಿ ಅದೇ ನಡೆಯುತ್ತದೆ, ಯಾರೂ ಗಮನಿಸುವುದಿಲ್ಲ.

ಮತ್ತೆ ಕಾಟನ್ ಗ್ರೀನ್‌ನ ಮಕ್ಕಳ ಕಡೆಗೆ ಬರೋಣ. ಅಲ್ಲಿಯ ಕ್ರಮದಲ್ಲಿ ಬಹಳ ಮೆಚ್ಚಬೇಕಾದ ಅಂಶವೊಂದಿದೆ. ಸಂಸ್ಥೆ ಕುಟುಂಬಗಳಿಗೆ ದಿನಸಿಯನ್ನು ಕೊಡುತ್ತದೆ. ಅಡಿಗೆಯನ್ನು ತಾಯಂದಿರೇ ಸಾಮೂಹಿಕ ಅಡಿಗೆಮನೆಯಲ್ಲಿ ತಮ್ಮತಮ್ಮ ಒಲೆಗಳ ಮೇಲೆ ಮಾಡಿಕೊಳ್ಳುತ್ತಾರೆ. ಔಷಧಿಯ ತೀಕ್ಷ್ಣತೆಯಿಂದ ಬಾಯಿ ಹುಣ್ಣಾಗಿ, ರುಚಿ ಕೆಟ್ಟು, ಏನನ್ನೂ ಒಲ್ಲೆನೆನ್ನುವ ಮಗು ತಾಯಿಯ ಕೈಯ ತನ್ನೂರಿನ ಅಡಿಗೆಯನ್ನಾದರೆ ಎರಡು ತುತ್ತು ಹೆಚ್ಚಿಗೆ ತಿನ್ನುತ್ತದೆ. ಬಿಹಾರದ ತಾಯಿಯ ಕೈಯಲ್ಲಿ ಖಿಚಡಿ, ವಿಜಯಪುರದ ತಾಯಿಯ ಕೈಯಲ್ಲಿ ಮೆತ್ತನೆಯ ಜೋಳದ ರೊಟ್ಟಿ. ಜೊತೆಗೆ ಅಪರಿಚಿತ ನಗರದಲ್ಲಿ ದಿಕ್ಕೆಟ್ಟ ಆ ತಾಯಿಗೆ ಒಲೆಯೊಂದು ದೊರೆತರೆ ಮನೆಯೇ ದೊರೆತಂತೆ. ಕೈಯೊಡ್ಡಿ ನಿಲ್ಲುವ ಸ್ಥಿತಿಯಿಂದ ಅವಳನ್ನು ಅದು ಪಾರುಮಾಡುತ್ತದೆ. ದಾದರಿನಲ್ಲಿ ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆಯೂ ಟಾಟಾ ಆಸ್ಪತ್ರೆಯ ರೋಗಿಗಳಿಗೆ ಆಶ್ರಯವಾಗಿದೆ. ಕೈಯಲ್ಲಿ ಪೊರಕೆ ಹಿಡಿದು ಊರು ಗುಡಿಸಿ, ಬಳಿಕ ಕೀರ್ತನೆ ಮಾಡುತ್ತಿದ್ದ ಆ ಸಂತರು 1956ರಲ್ಲಿ ತೀರಿಕೊಂಡರು. ಅವರು ಕಟ್ಟಿಸಿದವುಗಳಲ್ಲಿ ದೇವಾಲಯಗಳಿಗಿಂತ ಧರ್ಮಶಾಲೆಗಳೇ ಹೆಚ್ಚು.

ಇಂಥಲ್ಲಿಗೆ ಮಕ್ಕಳನ್ನೂ ಕರೆದುಕೊಂಡು ಸೇವೆಗೆ ಹೋಗುವ ಕುಟುಂಬಗಳು ಕೆಲವು ವಿಷಯಗಳಲ್ಲಿ ಜಾಗರೂಕರಾಗಿರಬೇಕು. ಚಿಕಿತ್ಸೆಯಲ್ಲಿರುವ ಮಗುವಿನ ರಕ್ತದಲ್ಲಿ ರೋಗವನ್ನೆದುರಿಸುವ ಬಿಳಿಯ ಕಣಗಳು ತೀರ ಕಡಿಮೆಯಾಗಿರುತ್ತವೆ. ಬೇರೆ ಮಕ್ಕಳಿಗೆ ನೆಗಡಿಯಾಗಿ ಹೋಗುವ ಸೋಂಕು ಆ ಮಗುವನ್ನು ಮಲಗಿಸಿಬಿಡುತ್ತದೆ. ಕೆಮ್ಮು, ಜ್ವರವಿದ್ದವರು, ಮನೆಯಲ್ಲಿ ಸೀತಾಳೆ ಸಿಡುಬು ಅಥವಾ ಗದ್ದಕಟ್ಟಿನ ಸೋಂಕು ಇದ್ದವರು ಹೋಗಲೇಬಾರದು. ಹೂವಿನ ಹಾರ, ಹೆಚ್ಚಿದ ಹಣ್ಣು, ಹೊರಗಿನ ಸಿಹಿ, ಒಗೆಯಲಾಗದ ಗೊಂಬೆ ಇವೆಲ್ಲ ನಿಷಿದ್ಧ. ತೀರ್ಥವನ್ನೋ ಪಂಚಾಮೃತವನ್ನೋ ಆ ಮಗುವಿನ ಬಾಯಿಗೆ ಹಾಕಬೇಕೆಂಬ ಆಸೆ ಆಸ್ತಿಕರಿಗೆ ಸಹಜ. ಆದರೆ ಕಾಯಿಸದ ಹಾಲು, ಮೊಸರು, ಜೇನು, ಹಸಿ ತುಲಸಿ ಇವು ವೈದ್ಯರ ಒಪ್ಪಿಗೆಯಿಲ್ಲದೆ ಸಲ್ಲವು. ಆ ಮಗುವಿನ ಹೆಸರಿನಲ್ಲಿ ಮಠದಲ್ಲಿ ಅರ್ಚನೆ ಮಾಡಿಸಬಹುದು. ಕೂದಲುದುರಿದ ಮಕ್ಕಳ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವ ಚಪಲ ಇತ್ತೀಚೆಗೆ ವಿಪರೀತವಾಗಿದೆ. ಸ್ಮರಣ ಸಂಚಿಕೆಯ ಪುಟಗಳಿಗೂ ಅಂಥ ಚಿತ್ರಗಳು ಬೇಡ.

ಹಾಗಾದರೆ ಮಾಡುವುದೇನು? ಮಕ್ಕಳಿಗೆ ಬೇಕಾದದ್ದು ಕಥೆ, ಚಿತ್ರ ಬಿಡಿಸುವ ಕಾಗದ, ತಪ್ಪಿಹೋದ ಶಾಲೆಯ ಪಾಠ. ಎಲ್ಲಕ್ಕಿಂತ ಹೆಚ್ಚಾಗಿ, ಬರುತ್ತೇನೆಂದ ದಿನ ಬರುವ ಒಬ್ಬ ಅಣ್ಣ, ಒಬ್ಬಳು ಅಕ್ಕ. ವರ್ಷಕ್ಕೊಮ್ಮೆ ಐವತ್ತು ಜನ ನುಗ್ಗುವುದಕ್ಕಿಂತ ವಾರಕ್ಕೊಮ್ಮೆ ಇಬ್ಬರು ಹೋಗುವುದು ಲೇಸು. ಸಂಸ್ಥೆಯವರನ್ನು ಮುಂಚಿತವಾಗಿ ಕೇಳಿ, ಅವರು ಹೇಳಿದ ವೇಳೆಗೆ, ಅವರು ಹೇಳಿದ ಕೆಲಸಕ್ಕೆ ಹೋಗಬೇಕು. ಅವರು ದಿನಸಿ ಕಟ್ಟುವ ಕೆಲಸವನ್ನಷ್ಟೇ ಕೊಟ್ಟು ಮಕ್ಕಳ ಬಳಿ ಬಿಡದಿದ್ದರೆ ಅದಕ್ಕೆ ಬೇಸರಪಡಬಾರದು. ಐದು ಕಿಲೋದ ನೂರು ಚೀಲಗಳನ್ನು ತೂಗಿ ಕಟ್ಟುವುದೂ ಮಕ್ಕಳ ಸೇವೆಯೇ.

ವಡಾಲದ ಹಿರಿಯರಲ್ಲಿ ಬೇರೆಯವರಲ್ಲಿಲ್ಲದ ಒಂದು ಸಂಪತ್ತು ಇದೆ. ಕನ್ನಡ, ಮರಾಠಿ, ಹಿಂದಿ ಮೂರನ್ನೂ ಸರಾಗವಾಗಿ ಆಡಬಲ್ಲವರು ಅವರು. ಅನೇಕರಿಗೆ ಇಂಗ್ಲಿಷೂ ಬರುತ್ತದೆ. ಯಾದಗಿರಿಯ ಕಡೆಯಿಂದ ಬಂದ, ಕನ್ನಡವಲ್ಲದೆ ಬೇರೇನೂ ಅರಿಯದ ತಾಯಿಗೆ ಆಸ್ಪತ್ರೆಯ ಚೀಟಿಯಲ್ಲಿ ಏನು ಬರೆದಿದೆ, ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ನಂತರ, ಎಷ್ಟು ಜ್ವರ ಬಂದರೆ ರಾತ್ರಿಯೇ ಓಡಿಬರಬೇಕು ಎಂಬುದನ್ನು ಅವಳ ಮಾತಿನಲ್ಲಿ ತಿಳಿಹೇಳುವವರು ಬೇಕು. ತಪ್ಪು ತಿಳಿದ ಒಂದು ಮಾತು ಆ ಮಗುವಿಗೆ ಮುಳುವಾಗಬಹುದು. ನಿವೃತ್ತರಿಗೆ ಬೆಳಗಿನ ಹೊತ್ತು ಬಿಡುವಿರುತ್ತದೆ, ಆಸ್ಪತ್ರೆಯ ಸಾಲು ಇರುವುದೂ ಬೆಳಿಗ್ಗೆಯೇ. ಆಸ್ಪತ್ರೆಯ ಸಮಾಜಸೇವಾ ವಿಭಾಗದವರಲ್ಲಿ ಹೆಸರು ಕೊಟ್ಟು, ಅವರು ಒಪ್ಪಿದರೆ, ವಾರಕ್ಕೆ ಒಂದು ಬೆಳಗನ್ನು ಈ ಕೆಲಸಕ್ಕೆ ಮೀಸಲಿಡಬಹುದು.

ಯುವಕರಿಗೆ ಇನ್ನೊಂದು ಕೆಲಸವಿದೆ. ಈ ಮಕ್ಕಳಿಗೆ ಪದೇ ಪದೇ ಪ್ಲೇಟ್‌ಲೆಟ್ ಎಂಬ ರಕ್ತಕಣಗಳು ಬೇಕಾಗುತ್ತವೆ. ಅಕ್ಕಿಯನ್ನು ಒಂದು ವರ್ಷ ಕೂಡಿಡಬಹುದು. ಕೆಂಪು ರಕ್ತವನ್ನು ಕೆಲವು ವಾರ ಇಡಬಹುದು. ಪ್ಲೇಟ್‌ಲೆಟ್ ಉಳಿಯುವುದು ಐದೇ ದಿನ. ಯಾವ ಉಗ್ರಾಣವೂ ಅದನ್ನು ಸಂಗ್ರಹಿಸಿಡಲಾರದು. ವರ್ಷಕ್ಕೊಮ್ಮೆ ದೊಡ್ಡ ಶಿಬಿರ ಮಾಡಿ ಇನ್ನೂರು ಜನ ಒಂದೇ ದಿನ ಕೊಟ್ಟರೆ ಐದು ದಿನಗಳ ನಂತರ ಮತ್ತೆ ಮೊದಲಿನಂತೆಯೇ. ಹದಿನೆಂಟು ತುಂಬ‌ಿದ ಆರೋಗ್ಯವಂತರು ಹೆಸರು, ರಕ್ತದ ಗುಂಪು, ಬಿಡುವಿನ ದಿನಗಳನ್ನು ಪಟ್ಟಿಯಲ್ಲಿ ಬರೆಸಿದರೆ, ವಾರಕ್ಕಿಷ್ಟು ಮಂದಿಯಂತೆ ಸರದಿ ಹಾಕಬಹುದು. ಕೊಡುವ ಮೊದಲ ಮೂರು ದಿನ ಆ್ಯಸ್ಪಿರಿನ್ ಗುಳಿಗೆ ನುಂಗಿರಬಾರದು, ಏಕಾದಶಿಯ ಉಪವಾಸದಲ್ಲಿ ಹೋಗಬಾರದು, ಹೊಟ್ಟೆತುಂಬ ಉಂಡು ಹೋಗಬೇಕು; ಒಂದೂವರೆ ಗಂಟೆ, ಎರಡು ಗಂಟೆ ಅಲ್ಲಿ ಕೂರಬೇಕಾಗುತ್ತದೆ. ಪಟ್ಟಿಯ ಪುಸ್ತಕವನ್ನು ಸಭಾಂಗಣದ ಬಾಗಿಲಿನ ಬಳಿ, ಪ್ರಸಾದದ ಸಾಲು ಆರಂಭವಾಗುವ ಮೇಜಿನ ಮೇಲೆ ಇಡಲಾಗಿದೆ.